ಗಾಡಿಗಿಂತ ಮೊದಲು ಬಂದ ಸಪ್ಪಳ

ಹತ್ತಿರ ಬಂದು ಕೂತುಕೊಳ್ಳಿ. ಇದು ಜೋರಾಗಿ ಹೇಳುವ ಮಾತಲ್ಲ. ನಮ್ಮ ದೊಡ್ಡಮ್ಮ ಆದೆಮ್ಮನ ಮಗ ಕನಕರಾಯನಿಗೆ ಆದದ್ದು, ಎಂಬತ್ತೆರಡರ ಬೇಸಿಗೆಯಲ್ಲಿ. ಅಮಾವಾಸ್ಯೆ ಗಿಮಾವಾಸ್ಯೆ ಏನೂ ಅಲ್ಲ, ಸಾದಾ ಮಂಗಳವಾರ. ಕಾಲುವೆಗೆ ನೀರು ಬಿಟ್ಟಿರಲಿಲ್ಲ, ಗದ್ದೆಗಳು ಒಣಗಿ ಬಿದ್ದಿದ್ದವು, ಒಂದು ಕಪ್ಪೆಯ ದನಿಯೂ ಇಲ್ಲ.

ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ಎರಡನೇ ಪಾಳಿ ಮುಗಿಸಿ ಕನಕರಾಯ ಚೀಕಲಪರ್ವಿ ದಾರಿ ಹಿಡಿದು ಊರಿಗೆ ಬರುತ್ತಿದ್ದ. ಹಳೆಯ ರಾಜದೂತ್ ಗಾಡಿ. ಊರ ಹೊರಗಿನ ಹಾಳುಬಾವಿ ಹತ್ತಿರ ಬರುತ್ತಿದ್ದಂತೆ ಗಾಡಿ ಕೆಮ್ಮಿ ನಿಂತುಬಿಟ್ಟಿತು. ಒದ್ದ... ಮತ್ತೆ ಒದ್ದ... ಕಿಕ್ಕರ್ ಬರೀ 'ಕರ್ರಕ್' ಅಂದಿತೇ ಹೊರತು ಗಾಡಿ ಹತ್ತಿಕೊಳ್ಳಲಿಲ್ಲ. ಊರಿನ ದೀಪ ಕಾಣುತ್ತಿತ್ತು. ತಳ್ಳಿಕೊಂಡೇ ನಡೆದ. ಚೈನು 'ಟಿಕ್, ಟಿಕ್' ಅನ್ನುತ್ತಿತ್ತು, ಚಪ್ಪಲಿಯ ಕೆಳಗೆ ಗರಸು ಕರಕರ ಅನ್ನುತ್ತಿತ್ತು. ಅಷ್ಟೇ.

ಆಮೇಲೆ ಕೇಳಿಸಿತು.

ಡುಗ್... ಡುಗ್... ಡುಗ್...

ಅವನದೇ ಗಾಡಿಯ ಸಪ್ಪಳ! ಆ ಸೀಮೆಯಲ್ಲಿ ಬೇರೆ ಯಾರ ಗಾಡಿಗೂ ಆ ಸಪ್ಪಳವಿಲ್ಲ. ಹಿಂದಿನಿಂದ ಬರುತ್ತಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಅದು ಮುಂದೆ ಹೋಗುತ್ತಿತ್ತು, ಊರಿನ ಕಡೆಗೆ. ಕನಕರಾಯ ಟ್ಯಾಂಕಿನ ಮೇಲೆ ಅಂಗೈ ಇಟ್ಟು ನೋಡಿದ. ನಡುಕವಿಲ್ಲ. ಗಾಡಿ ಸುಮ್ಮನಿದೆ. ಅತ್ತ ಸಪ್ಪಳ ಅವನ ಓಣಿಗೆ ಹೊರಳಿತು. ಅವನ ಮನೆ ಮುಂದೆ ನಿಂತಿತು. ಅಗಳಿ ತೆಗೆದದ್ದು ಕೇಳಿಸಿತು... 'ಕಟಕ್'. ಅದರ ಹಿಂದೆಯೇ ಅವನ ತಾಯಿಯ ದನಿ. ಕಿವಿ ಮಂದವಿದ್ದವರು ಮಾತಾಡುವಂತೆ, ಓಣಿಗೆಲ್ಲ ಕೇಳುವಂತೆ.

"ಬಂದ್ಯೇನಪ್ಪಾ? ಬಾ... ಉಣ್ಣು ಬಾ."

ಆ ಗಾಡಿಗೆ ಅಂಥ ಸಪ್ಪಳ ಹೇಗೆ ಬಂತು ಅನ್ನುವುದನ್ನು ಇಲ್ಲೇ ಹೇಳಿಬಿಡಬೇಕು. ಆದೆಮ್ಮನಿಗೆ ಕಿವಿ ಹೋಗಿ ಬಹಳ ದಿನವಾಗಿತ್ತು, ಕಣ್ಣಿಗೂ ಪೊರೆ ಬಂದಿತ್ತು. ಮಗ ಬಂದು ಬಾಗಿಲು ಬಡಿದರೆ ಓಣಿಯೆಲ್ಲ ಏಳುತ್ತಿತ್ತು, ಆಕೆಯೊಬ್ಬಳನ್ನು ಬಿಟ್ಟು. ಬಂದ ಮಗ ಹೊರಗೇ ನಿಂತಾನು ಎಂದು ಆಕೆ ಬಾಗಿಲು ತೆರೆದಿಟ್ಟು ಹೊಸ್ತಿಲ ಮೇಲೆ ತೂಕಡಿಸುತ್ತ ಕೂತಿರುತ್ತಿದ್ದಳು. ಕನಕರಾಯನಿಗೆ ಇದೊಂದು ಕೊರಗು. ಒಂದು ದಿನ ಗಮನಿಸಿದ, ಲಾರಿ ಹೋದರೆ, ಡೊಳ್ಳು ಬಾರಿಸಿದರೆ ಆಕೆ ತಲೆ ಎತ್ತುತ್ತಾಳೆ. ದಪ್ಪ ಸಪ್ಪಳ ಆಕೆಗೆ ತಾಕುತ್ತದೆ! ಮರುದಿನವೇ ರಾಯಚೂರಿಗೆ ಹೋಗಿ ಮೆಕಾನಿಕ್ ಶಾಮೀದಸಾಬನ ಮುಂದೆ ಗಾಡಿ ನಿಲ್ಲಿಸಿದ.

"ಸಾಬ್ರ, ಇದರ ಆವಾಜ್ ದಪ್ಪ ಆಗಬೇಕ್ರಿ. ನಮ್ಮವ್ವನ ಎದಿಗೆ ತಾಕಬೇಕು."

ಶಾಮೀದಸಾಬ ನಕ್ಕ. ಹುಡುಗಿಯರಿಗೆ ಕೇಳಿಸಲಿ ಅಂತ ಬರುವವರನ್ನು ಕಂಡಿದ್ದ, ಅವ್ವನಿಗೆ ಕೇಳಿಸಲಿ ಅನ್ನುವವನು ಇವನೊಬ್ಬನೇ. ಸೈಲೆನ್ಸರಿನ ಒಳಗಿನ ಜಾಲಿ ಕಿತ್ತೊಗೆದು, ಹಿಂದಿನ ಅರ್ಧ ಕೊಯ್ದು, ಮೂಲೆಯಲ್ಲಿ ಬಿದ್ದಿದ್ದ ದಪ್ಪನೆಯ ಕಬ್ಬಿಣದ ಪೈಪಿನ ತುಂಡನ್ನು ಬೆಸೆದ. 'ಪರ್ರ್' ಎಂದು ಹರಿಯುತ್ತಿದ್ದ ಗಾಡಿ 'ಡುಗ್ ಡುಗ್' ಎಂದು ನೆಲ ಅದುರಿಸತೊಡಗಿತು. ಅವತ್ತು ರಾತ್ರಿ ಆದೆಮ್ಮ ತಾನಾಗಿ ಎದ್ದು ಬಾಗಿಲು ತೆಗೆದಳು. ಎದೆ ಮುಟ್ಟಿ ತೋರಿಸಿ, "ಇಲ್ಲಿ ಕೇಳಸ್ತದ ನೋಡೋ" ಎಂದಳು. ಕನಕರಾಯನ ಕಣ್ಣಲ್ಲಿ ನೀರು ಬಂತು. ಆ ಸಪ್ಪಳದಲ್ಲಿ ಒಂದು ಕುಂದಿತ್ತು. ಆಗಾಗ ಒಂದು ಪೆಟ್ಟು ತಪ್ಪುತ್ತಿತ್ತು... ತಪ್ಪಿದ ಜಾಗದಲ್ಲಿ ಯಾರೋ ಉಸಿರು ಎಳೆದುಕೊಂಡಂತೆ ಆಗುತ್ತಿತ್ತು. ಗಾಳಿ ಇರಬೇಕು ಎಂದು ಬಿಟ್ಟಿದ್ದ.

ಆ ಮಂಗಳವಾರ ರಾತ್ರಿ, ತಾಯಿಯ ದನಿ ಕೇಳಿದ್ದೇ ಕನಕರಾಯ ಗಾಡಿಯನ್ನು ದಾರಿಯಲ್ಲೇ ಕೆಡವಿ ಮನೆಗೆ ಓಡಿದ. ಬಾಗಿಲು ತೆರೆದೇ ಇತ್ತು. ಚಿಮಣಿ ದೀಪ ಉರಿಯುತ್ತಿತ್ತು. ಆದೆಮ್ಮನ ಮುಂದೆ ತಾಟು, ತಾಟಿನಲ್ಲಿ ಮುರಿದ ಅರ್ಧ ರೊಟ್ಟಿ.

"ಯವ್ವಾ..." ಕಿವಿಗೆ ಬಾಯಿ ಹಚ್ಚಿ ಕೇಳಿದ. "ಯಾರ ಬಂದಿದ್ರು?"

"ಯಾರ ಬರ್ತಾರ? ನೀನ ಬಂದಿ. ಗ್ವಾಡಿ ಕಡಿ ಮಾರಿ ಮಾಡಿ ಉಂಡಿ. ಕೈ ತೊಳೀತೀನಂತ ಹಿತ್ತಲಕ್ಕ ಹೋದಾಂವ, ಮುಂದಿನ ಬಾಗಲಾಗಿಂದ ಹೆಂಗ ಬಂದ್ಯೋ?"

ಹಿತ್ತಲ ಬಾಗಿಲು ಹಾರು ಹೊಡೆದು ಪೂರಾ ತೆರೆದಿತ್ತು. ಅಲ್ಲಿಂದ ಒಂದು ವಾಸನೆ ಬರುತ್ತಿತ್ತು. ಸುಟ್ಟ ಡೀಸೆಲ್ಲಿನ ವಾಸನೆ. ಅವನ ಗಾಡಿ ಓಡುವುದು ಪೆಟ್ರೋಲಿನ ಮೇಲೆ.

"ಏನರ... ಮಾತಾಡಿದ್ನೇನು?"

"ನೀನ ಅಂದೆಲ್ಲೋ. ನಾಳಿ ರಾತ್ರಿ ಕಂದೀಲು ಹಿಡ್ಕೊಂಡು ಬಾವಿಗೆ ಬಾ ಅಂದಿ. ಎದ್ಯಾಗ ಕೇಳಿಸ್ತು. ಬರ್ತೀನಪ್ಪಾ, ನೀ ಕರದ್ರ ನಾ ಬರಂಗಿಲ್ಲೇನು?"

ಕಣ್ಣು ಕಾಣದ ಮುದುಕಿ, ಕಟ್ಟೆ ಕುಸಿದ ಬಾವಿ... ಎಲ್ಲಿಗೆ ಕರೆಯುತ್ತಿದೆ ಅನ್ನುವುದು ತಿಳಿಯಲು ಬಹಳ ಬುದ್ಧಿ ಬೇಕಿರಲಿಲ್ಲ. ರಾತ್ರಿಯಿಡೀ ಕನಕರಾಯ ತಾಯಿಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದ. ಬೆಳಕು ಹರಿದ ಕೂಡಲೇ ಪಕ್ಕದ ಮನೆಯ ಯಮನಮ್ಮನನ್ನು ಕರೆದ. "ಅಕ್ಕಾ, ನಮ್ಮವ್ವನ ಬಿಟ್ಟು ಅಲ್ಲಾಡಬ್ಯಾಡ. ರಾತ್ರಿ ಇಲ್ಲೇ ಮಕ್ಕೋ. ಕಂದೀಲು ಆಕಿ ಕೈಗೆ ಸಿಗಬಾರದು." ದಾರಿಯಲ್ಲಿ ಬಿದ್ದಿದ್ದ ಗಾಡಿ ಒಂದೇ ಒದೆತಕ್ಕೆ ಹತ್ತಿಕೊಂಡಿತು.

ರಾಯಚೂರಿನಲ್ಲಿ ಶಾಮೀದಸಾಬ ಎಲ್ಲ ಕೇಳಿಸಿಕೊಂಡ. ಬಾಯಲ್ಲಿದ್ದ ಬೀಡಿ ಆರಿಹೋದದ್ದು ಅವನಿಗೆ ಗೊತ್ತಾಗಲಿಲ್ಲ.

"ಗುಜರಿಯಾಗ ತಂದಿದ್ದ ಪೈಪು. ಬಾವಿ ಇಂಜಿನ್ನಿನ ಹೊಗಿ ಪೈಪು. ನಿಮ್ಮ ಕಡೀದ ಅಂತ ಹೇಳಿದ್ರು... ಪರಮಣ್ಣ ಅನ್ನಾವಂದು."

ಕನಕರಾಯನಿಗೆ ಪರಮಣ್ಣ ಗೊತ್ತಿದ್ದ, ಅವನು ಸತ್ತದ್ದೂ ಗೊತ್ತಿತ್ತು. ಆ ಹಾಳುಬಾವಿ ಅವನದೇ. ಆಗೆಲ್ಲ ಡೀಸೆಲ್ ಇಂಜಿನ್ನನ್ನು ಬಾವಿಯೊಳಗೆ ಇಳಿಸಿ, ಹೊಗೆ ಮೇಲೆ ಹೋಗಲಿ ಅಂತ ಉದ್ದ ಪೈಪು ಹಾಕುತ್ತಿದ್ದರು. ಒಂದು ಸಂಜೆ ಪೈಪಿನ ಜೋಡಣೆ ಬಿಚ್ಚಿ ಬಾವಿ ತುಂಬ ಹೊಗೆ ಸುತ್ತಿಕೊಂಡಿತು. ಕೆಳಗಿದ್ದ ಪರಮಣ್ಣ ಮೇಲೆ ಬರಲಿಲ್ಲ. ಅವನ ಇಂಜಿನ್ನಿನ ಸಪ್ಪಳವನ್ನೇ ತಾನು ದಿನಾ ರಾತ್ರಿ ಮನೆ ಬಾಗಿಲಿಗೆ ಒಯ್ಯುತ್ತಿದ್ದೆನಲ್ಲ ಅನಿಸಿತು ಅವನಿಗೆ.

"ಕೊಯ್ರಿ ಸಾಬ್ರ. ಈಗಿಂದೀಗ ಕೊಯ್ದು ಒಗೀರಿ!"

"ಕೊಯ್ಯೋದು ಯಾವ ದೊಡ್ಡ ಮಾತು? ನಿನ್ನೆ ಆವಾಜ್ ಬಂದಾಗ ನಿನ್ನ ಗಾಡಿ ಬಂದ್ ಇತ್ತಲ್ಲ... ಪೈಪು ಕೊಯ್ದರ ಅದು ನಿಂತೀತೇನು?" ದನಿ ಇಳಿಸಿದ. "ಯಾರ ಮನೀದದ, ಅವರ ಬಾಗಿಲಿಗೆ ಒಯ್ದು ಮುಟ್ಟಿಸು. ಇವತ್ತ."

ಪರಮಣ್ಣನ ಹೆಂಡತಿ ದುರುಗಮ್ಮ ಗಂಡ ಸತ್ತ ಮೇಲೆ ದೇವದುರ್ಗದ ಆಚೆ ತವರಿಗೆ ಹೋಗಿದ್ದಳು. ಕನಕರಾಯ ಅನ್ನನೀರು ಮರೆತು ಓಡಿಸಿದ. ನಡುದಾರಿಯಲ್ಲಿ ಟ್ಯೂಬು ಪಂಕ್ಚರ್. ಅದನ್ನು ಹಾಕಿಸುವಷ್ಟರಲ್ಲಿ ಹೊತ್ತು ವಾಲಿತು. ಎಲ್ಲಿ ಮರದ ನೆರಳು ಉದ್ದವಾದದ್ದು ಕಂಡರೂ ಅವ್ವ ಕಂದೀಲು ಹುಡುಕುತ್ತಿದ್ದಾಳೆ ಅನಿಸುತ್ತಿತ್ತು. ಊರು ಮುಟ್ಟಿದಾಗ ಪೂರಾ ಕತ್ತಲೆ. ಮನೆ ಕೇಳಬೇಕಾಗಿ ಬರಲಿಲ್ಲ. ಸಪ್ಪಳ ಕೇಳಿ ಒಬ್ಬ ಹೆಂಗಸು ತಾನಾಗಿ ಅಂಗಳಕ್ಕೆ ಬಂದು ನಿಂತಿದ್ದಳು. ಅವಳ ಕೈಯಲ್ಲಿ ಜೋಳದ ಹಿಟ್ಟು ಮೆತ್ತಿತ್ತು.

"ಬಂದ್ ಮಾಡಬ್ಯಾಡ," ಪಿಸುಗುಟ್ಟಿದಳು. "ಯಾರಣ್ಣಾ ನೀನು? ನಮ್ಮವರ ಇಂಜಿನ್ ಎಲ್ಲಿಂದ ತಂದಿ?"

ಗಾಡಿ ಡುಗ್ ಡುಗ್ ಅನ್ನುತ್ತಿರುವಂತೆಯೇ ಎಲ್ಲ ಹೇಳಿದ. ಕಂದೀಲಿನ ಮಾತು ಬಂದಾಗ ದುರುಗಮ್ಮ ಗೋಡೆ ಹಿಡಿದುಕೊಂಡಳು. ಹೊಲದಮನೆಗಳಲ್ಲಿ ಬಾವಿಯ ಇಂಜಿನ್ ನಿಂತಿತು ಅಂದರೆ ಗಂಡಸರು ಊಟಕ್ಕೆ ಬಂದರು ಅಂತ ಲೆಕ್ಕ. ಹೆಂಗಸರು ಒಲೆಯ ಮೇಲೆ ಹಂಚು ಇಡುತ್ತಿದ್ದರು.

"ಹೊತ್ತು ಮುಣಗಿತ್ತು... ಬಾವ್ಯಾಗಿಂದ ಕೂಗಿದ್ರು, ಕಂದೀಲು ತಗೊಂಡು ಬಾ ಅಂತ. ಬರ್ತೀನಿ ಅಂದೆ. ಅಷ್ಟರಾಗ ಇಂಜಿನ್ ಬಂದ್ ಆತು. ನಿಂತ ಮ್ಯಾಲ ಅವರ ಬರ್ತಾರಲ್ಲ ಅಂತ... ರೊಟ್ಟಿ ಬಡಕೊಂತ ಕುಂತೆನಣ್ಣಾ."

ಅವಳು ಒಳಗೆ ಹೋದಳು. ಬೆಂಕಿಕಡ್ಡಿ ಗೀರಿದ್ದು ಕೇಳಿಸಿತು. ಕಂದೀಲು ಹಿಡಿದು ಬಂದು, "ಈಗ ಬಂದ್ ಮಾಡು" ಎಂದಳು.

ಕನಕರಾಯ ಚಾವಿ ತಿರುಗಿಸಿದ. ಗಾಡಿ ನಿಂತಿತು.

ಸಪ್ಪಳ ನಿಲ್ಲಲಿಲ್ಲ.

ಡುಗ್... ಡುಗ್... ಅಂಗಳ ದಾಟಿ, ದನದ ಕೊಟ್ಟಿಗೆ ಬಳಸಿ, ಕತ್ತಲಲ್ಲಿ ಒಂದು ಕಡೆ ನಿಂತಿತು. ಕಟ್ಟಿದ ಎತ್ತುಗಳು ಎದ್ದು ನಿಂತವು. ಅಲ್ಲಿಂದ ಕೆಮ್ಮು... ಒಣ ಕೆಮ್ಮು. ದುರುಗಮ್ಮ ಕಂದೀಲು ಎತ್ತಿ ಹಿಡಿದು ಅತ್ತ ನಡೆದಳು.

"ಬಂದೆನ್ರೀ... ತಡ ಆತು. ಬಂದೆ."

ಕೆಮ್ಮು ನಿಂತಿತು. ಒಂದು ಉದ್ದನೆಯ ಉಸಿರು... ಹಾ... ಎಂದು ಹೊರಗೆ ಬಂತು. ಆಮೇಲೆ ಏನೂ ಇಲ್ಲ. ದುರುಗಮ್ಮ ಅಲ್ಲೇ ಕೂತು ಗೊಳೋ ಎಂದು ಅತ್ತಳು. ಕನಕರಾಯನೂ ನಾಚಿಕೆ ಬಿಟ್ಟು ಅತ್ತ.

ನಸುಕಿನಲ್ಲಿ ಪೈಪು ಬಿಚ್ಚಿ ಅವಳ ಕೈಗೆ ಕೊಟ್ಟ. ಬೋಳು ಗಾಡಿ ಪಟಪಟ ಕಿರುಚುತ್ತ ಓಡಿತು. ಊರ ಸಮೀಪ ಬಂದಾಗ ಹಾಳುಬಾವಿಯ ಹತ್ತಿರ ಜನ ಸೇರಿದ್ದರು. ಕನಕರಾಯ ಗಾಡಿ ಅಲ್ಲೇ ಬಿಟ್ಟ. ಜನರನ್ನು ನೂಕಿಕೊಂಡು ಒಳಗೆ ನುಗ್ಗಿದ. ಕುಸಿದ ಕಟ್ಟೆಯಿಂದ ಒಂದು ಮಾರು ಈಚೆ ಆದೆಮ್ಮ ಕಾಲು ಚಾಚಿ ಕೂತಿದ್ದಳು. ಯಮನಮ್ಮ ಎದೆ ಬಡಿದುಕೊಳ್ಳುತ್ತಿದ್ದಳು, ನಿದ್ದೆ ಹತ್ತಿದ್ದೇ ಗೊತ್ತಾಗಲಿಲ್ಲವೆಂದು.

"ಚಲೋ ಆಟ ಆಡಿದ್ಯೋ," ಆದೆಮ್ಮ ಬೈದಳು. "ಇಲ್ಲೀ ಮಟ ಕೈ ಹಿಡಿದು ಕರಕೊಂಡು ಬಂದಿ. ಆ ಮ್ಯಾಲ ಯಾರೋ ಕರದಂಗ ಅತ್ತಾಗ ಹೊಳ್ಳಿದಿ. ನನ್ನ ಕಾಲಿಗೆ ಬಿದ್ದು, ಸಾಕು, ಮನಿಗೆ ಹೋಗು ಯವ್ವಾ ಅಂದಿ. ಕತ್ತಲಾಗ ನಾ ಹೆಂಗ ಹೋಗಲಿ? ಇಲ್ಲೇ ಕುಂತೆ."

ಕನಕರಾಯ ತಾಯಿಯನ್ನು ಅಪ್ಪಿಕೊಂಡ. ಆಮೇಲೆ ಆಕೆಯ ಕಾಲು ನೋಡಿದ. ಎರಡೂ ಪಾದಗಳ ಮೇಲೆ ಕಪ್ಪನೆಯ ಬೆರಳ ಗುರುತು, ಗಂಡಸಿನ ಬೆರಳು. ಸೀಗೆಕಾಯಿ ಹಾಕಿ ತಿಕ್ಕಿದರು, ಸೀಮೆಎಣ್ಣೆ ಹಚ್ಚಿದರು. ಹೋಗಲಿಲ್ಲ. ಆಕೆ ಆಮೇಲೆ ಬಹಳ ವರ್ಷ ಚೆನ್ನಾಗಿಯೇ ಬದುಕಿದಳು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಆ ಕಾಲು ಒತ್ತಿದ್ದೇನೆ. ಪ್ರತಿ ಸಲ ಕೈಗೆ ಮಸಿ ಹತ್ತುತ್ತಿತ್ತು... ಗುರುತು ಮಾತ್ರ ಹಾಗೇ ಇರುತ್ತಿತ್ತು.