ಬಾವಿಗೆ ಇಳಿಬಿಟ್ಟ ಮೈಕು

ಆ ಫ್ಯಾನು ಸ್ವಲ್ಪ ಕಡಿಮೆ ಮಾಡ್ರೋ. ಕಟಕಟ ಅಂತಿದೆ, ನಾನು ಮೆಲ್ಲಗೆ ಹೇಳೋದು ಕೇಳ್ಸಲ್ಲ. ಲೈಟು ಬೇಕಾದ್ರೆ ಇರಲಿ... ನನಗೂ ಅದೇ ಒಳ್ಳೇದು.

ನಮ್ಮ ದೊಡ್ಡಪ್ಪನ ಮಗ ಇದಾನಲ್ಲ, ನಾವೆಲ್ಲ ಸದ್ದಣ್ಣ ಅಂತ ಕರೆಯೋದು. ಈಗ ಸಭೆ ಸಮಾರಂಭಕ್ಕೆ ಸ್ಪೀಕರು ಬಾಡಿಗೆಗೆ ಕೊಡ್ತಾನೆ. ಆದ್ರೆ ಆಗ ಅವನ ಕೆಲಸವೇ ಬೇರೆ. ಊರಿನ ಸದ್ದು ಹಿಡಿಯೋದು. ನಗಬೇಡಿ, ನಾವೂ ಆಗ ನಕ್ಕಿದ್ವಿ. ಬೆಳಿಗ್ಗೆ ಅಂಗಡಿ ಶಟರು ಧಡಾರ್ ಅಂತ ಮೇಲೇಳೋದು, ಬಸ್ಸಿನ ಬ್ರೇಕು ಕಿರ್ರ್ ಅನ್ನೋದು, ಮರದಲ್ಲಿ ಕಾಗೆಗಳ ಜಗಳ, ತಗಡಿನ ಮೇಲೆ ಮಳೆ... ಎಲ್ಲಾ ರೆಕಾರ್ಡ್ ಮಾಡ್ಕೊಂಡು ಬಂದು, ಒಂದರ ಪಕ್ಕ ಒಂದು, ಒಂದರ ಮೇಲೊಂದು ಜೋಡಿಸೋನು. ಕಣ್ಣು ಮುಚ್ಚಿ ಕೇಳಿದ್ರೆ ಊರೊಳಗೆ ಒಂದು ಸುತ್ತು ನಡೆದು ಬಂದ ಹಾಗೇ ಇರ್ತಿತ್ತು. ಕೈಚಳಕ ಇತ್ತು ಮಹಾರಾಯನಿಗೆ.

ಅವನಿಗೊಂದು ಅಭ್ಯಾಸ. ಮೈಕು ಹಿಡಿದಾಗ ಉಸಿರು ಬಿಗಿಹಿಡಿದು ನಿಲ್ಲೋನು. ಇಲ್ಲದಿದ್ರೆ ತನ್ನ ಉಸಿರೂ ಅದರಲ್ಲಿ ಬಂದ್ಬಿಡುತ್ತಲ್ಲ. ಹೆಡ್‌ಫೋನಲ್ಲಿ ಏನಾದ್ರೂ ಬೇಡದ ಸುಯ್ಯ್ ಕೇಳಿಸ್ತು ಅಂದ್ರೆ ಮೊದಲು ಉಸಿರು ಕಟ್ಟಿ ನೋಡೋನು. ಅದೂ ನಿಂತ್ರೆ, ತನ್ನದೇ ಉಸಿರು. ನಿಲ್ಲದೇ ಹೋದ್ರೆ ಬೇರೇದು. ಅಷ್ಟೇ ಅವನ ಪರೀಕ್ಷೆ.

ಆವತ್ತು ಕೊನೇ ಬಸ್ಸು ಹೋದ್ಮೇಲೆ ಮನೆಗೆ ನಡ್ಕೊಂಡು ಬರ್ತಿದ್ದ. ಬಸ್ ಡಿಪೋ ಹಿಂದಿನ ದಾರಿ. ಅಲ್ಲೊಂದು ಹಳೇ ಬಾವಿ, ಬಾಯಿಗೆ ಕಬ್ಬಿಣದ ಜಾಲರಿ. ಅಲ್ಲಿ ನೀರು ಸೇದಿದ್ದನ್ನ ನಾವ್ಯಾರೂ ನೋಡಿಲ್ಲ. ಒಳಗಿಂದ 'ತೊಟ್'... ಸ್ವಲ್ಪ ಹೊತ್ತು ಬಿಟ್ಟು 'ತೊಟ್'... ಇವನು ಕಟ್ಟುತ್ತಿದ್ದ ಊರಿನ ಸದ್ದಿಗೆ ರಾತ್ರಿಯ ಭಾಗ ಒಂದು ಬಾಕಿ ಇತ್ತು. ಸಿಕ್ಕಿದ್ದನ್ನ ಬಿಡ್ತಾನಾ? ಜಾಲರಿ ಸಂದಿಯಿಂದ ಮೈಕನ್ನ ಕೆಳಗೆ ಇಳಿಬಿಟ್ಟ. ವೈರಿನ ಸುರುಳಿ ಪೂರ್ತಿ ಖಾಲಿ ಆಗೋವರೆಗೂ.

ಹೆಡ್‌ಫೋನ್ ಹಾಕ್ಕೊಂಡ. ತೊಟ್... ತೊಟ್... ಎಲ್ಲೋ ಒಂದು ಕಪ್ಪೆ 'ಪುಳಕ್'. ಆಮೇಲೆ...

ಹಾ... ಹೂ... ಹಾ... ಹೂ...

ಉಸಿರು. ಮೂಗಿಂದಲ್ಲ, ಬಾಯಿಂದ ಬಿಡೋ ಉಸಿರು.

ಅಣ್ಣ ತನ್ನ ಪರೀಕ್ಷೆ ಮಾಡಿದ. ಉಸಿರು ಕಟ್ಟಿದ. ಅದೂ ನಿಂತಿತು. ಉಸಿರು ಬಿಟ್ಟ. ಅದೂ ಬಿಟ್ಟಿತು. ಸದ್ಯ, ನಂದೇ ಅಂತ ಸಮಾಧಾನ ಆಯ್ತು ಅವನಿಗೆ. ಹೆಡ್‌ಫೋನ್ ತೆಗೆದು ತಿರುಗಿದ್ರೆ, ಬೆನ್ನ ಹಿಂದೆ ಡಿಪೋ ವಾಚ್‌ಮನ್. ಟಾರ್ಚು ಕೈಯಲ್ಲಿದೆ, ಹಚ್ಚಿಲ್ಲ. ಪಿಸುಗುಟ್ಟಿದ.

"ಏನ್ರೀ ಮಾಡ್ತಿದೀರ?"

"ಸದ್ದು ಹಿಡೀತಿದೀನಿ."

"ಯಾರದ್ದು?"

"ಬಾವೀದು."

ವಾಚ್‌ಮನ್ ಒಂದು ಹೆಜ್ಜೆ ಹಿಂದೆ ಸರಿದ. "ಹಿಡಿದಿದ್ದನ್ನ ಇಲ್ಲೇ ಬಿಟ್ಟು ಹೋಗಿ, ಸಾರ್." ಅಷ್ಟು ಹೇಳಿ ಹೊರಟೇ ಹೋದ. ಬೂಟಿನ ಸದ್ದೂ ಕೇಳಿಸದ ಹಾಗೆ.

ಇವನು ಬಿಡ್ಲಿಲ್ಲ. ತಗೊಂಡು ಮನೆಗೆ ಬಂದ.

ಒಂದೇ ರೂಮಿನ ಮನೆ. ಅತ್ತಿಗೆ ಮಲಗಿದ್ರು. ತೊಟ್ಟಿಲಲ್ಲಿ ಮಗಳು, ಆಗ ಇನ್ನೂ ಹಾಲು ಕುಡಿಯೋ ಕೂಸು. ಮೂಲೆಯ ಮೇಜಲ್ಲಿ ಕೂತು ಅಣ್ಣ ರೆಕಾರ್ಡ್ ಹಾಕಿದ. ನಡುವೆ ಬಂದಿರೋ ತನ್ನ ಉಸಿರನ್ನ ಕತ್ತರಿಸಿ ತೆಗೆಯೋಣ ಅಂತ. ತೊಟ್... ಪುಳಕ್... ಹಾ... ಹೂ...

ಕೈ ಅಲ್ಲೇ ನಿಂತಿತು.

ಮೈಕು ಇದ್ದಿದ್ದು ಬಾವಿಯ ಆಳದಲ್ಲಿ. ಇವನಿದ್ದಿದ್ದು ಮೇಲೆ. ವಾಚ್‌ಮನ್ ಜೊತೆ ಆಡಿದ ಮಾತು ಒಂದಕ್ಷರವೂ ರೆಕಾರ್ಡಲ್ಲಿ ಇಲ್ಲ. ಮಾತೇ ಬಾರದೆ ಇರೋವಾಗ ಉಸಿರು ಹೇಗೆ ಬಂತು? ಅದೂ ಕಿವಿಗೇ ಬಾಯಿಟ್ಟ ಹಾಗೆ?

ಅಂದ್ರೆ ಆಗ ಇವನು ಉಸಿರು ಕಟ್ಟಿದಾಗ... ಕೆಳಗೆ ಇನ್ನೊಬ್ರು ಕಟ್ಟಿದ್ರು. ಇವನನ್ನ ನೋಡ್ಕೊಂಡು.

ಹೆದರಿಕೆಗೆ ಅವನ ಉಸಿರು ಸಿಕ್ಕಿಹಾಕ್ಕೊಳ್ತು. ಹೆಡ್‌ಫೋನಲ್ಲೂ ನಿಂತಿತು! ಬಿಟ್ಟ... ಅದೂ ಬಿಟ್ಟಿತು. ರೆಕಾರ್ಡ್ ಆಗಿ ಮುಗಿದಿರೋ ಸದ್ದು ಕಣ್ರೋ ಅದು. ಈಗ, ಈ ಮೇಜಿನ ಮುಂದೆ, ಇವನ ಜೊತೆ ಆಟ ಆಡ್ತಿದೆ. ಹೆಡ್‌ಫೋನ್ ಕಿತ್ತು ಬಿಸಾಕಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ ನೋಡ್ತಾನೆ... ತೊಟ್. ತೊಟ್. ಪುಳಕ್. ಉಸಿರೇ ಇಲ್ಲ. ಹೊರಟು ಹೋಗಿದೆ.

ಎಲ್ಲಿಗೆ ಹೋಯ್ತು? ಉಸಿರು ಬಿಗಿಹಿಡಿದು ರೂಮಿನ ಸದ್ದು ಆಲಿಸ್ತಾ ಕೂತ.

ಕತ್ತಲಲ್ಲಿ ಅತ್ತಿಗೆ ಎದ್ದಿದ್ದು ಗೊತ್ತಾಯ್ತು. ತೊಟ್ಟಿಲು ಕಿರುಗುಟ್ತು.

"ರೀ... ಮಗು ಉಸಿರಾಡ್ತಿಲ್ಲ."

"ಅಯ್ಯೋ!" ಅಂತ ಕಿರುಚಿದ ಅಣ್ಣ. ಕಿರುಚಬೇಕಾದ್ರೆ ಉಸಿರು ಬಿಡಲೇಬೇಕಲ್ಲ. ಆ ಕ್ಷಣಕ್ಕೇ ಕೂಸು 'ಹಾ' ಅಂತ ಉಸಿರೆಳೆದು ಅಳೋಕೆ ಶುರು ಮಾಡ್ತು.

ಡಾಕ್ಟರು ನೋಡಿ, ಮಗು ಗುಂಡುಕಲ್ಲಿನ ಹಾಗಿದೆ, ಏನೂ ಆಗಿಲ್ಲ ಅಂದ್ರು. ಆದ್ರೆ ಅಣ್ಣನಿಗೆ ಅನುಮಾನ. ಒಂದು ಸಲ ಮಗುವಿನ ಎದೆ ಮೇಲೆ ಕೈಯಿಟ್ಟು, ತಾನು ಉಸಿರು ಕಟ್ಟಿ ನೋಡಿದ. ಕೈಯಡಿಯ ಎದೆ ನಿಂತಿತು. ಆಮೇಲೆ ಮತ್ತೆ ನೋಡೋ ಧೈರ್ಯ ಮಾಡ್ಲಿಲ್ಲ. ಹಗಲಲ್ಲೇ ಹೋಗಿ ಆ ಮೈಕು, ರೆಕಾರ್ಡ್ ಇದ್ದ ಕಾರ್ಡು, ಎರಡನ್ನೂ ಜಾಲರಿ ಸಂದಿಯಿಂದ ಬಾವಿಗೆ ಹಾಕಿದ. ಕಿವಿಗೊಟ್ಟು ನಿಂತ. ಮೈಕು ನೀರಿಗೆ ಬಿದ್ದ ಸದ್ದು ಬರಲೇ ಇಲ್ಲ.

ಆವತ್ತಿಂದ ಸದ್ದು ಹಿಡಿಯೋ ಕೆಲಸ ಬಿಟ್ಟ. ಯಾವಾಗ್ಲೂ ಏನಾದ್ರೂ ಗುನುಗ್ತಿರ್ತಾನೆ ನೋಡಿದೀರಲ್ಲ, ಅದು ಸಂತೋಷಕ್ಕಲ್ಲ. ಉಸಿರು ಎಲ್ಲೂ ನಿಲ್ಲಬಾರದು ಅಂತ. ಗಂಡ ಗೊರಕೆ ಹೊಡೆದ್ರೆ ನೆಮ್ಮದಿಯಾಗಿ ನಿದ್ದೆ ಮಾಡೋ ಹೆಂಗಸು ಲೋಕದಲ್ಲಿ ನಮ್ಮ ಅತ್ತಿಗೆ ಒಬ್ರೇ. ಗೊರಕೆ ನಿಂತ್ರೆ ಮೊಣಕೈಲಿ ತಿವೀತಾರೆ.

ಇಷ್ಟನ್ನೂ ಅಣ್ಣನೇ ನನಗೆ ಹೇಳಿದ್ದು. ನಾನು ನಂಬಿರಲಿಲ್ಲ. ಸದ್ದು ಕೇಳಿ ಕೇಳಿ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ.

ಹೋದ ತಿಂಗಳು ಸ್ಕೂಟರಿಂದ ಬಿದ್ದು ಪಕ್ಕೆಲುಬಿಗೆ ಪೆಟ್ಟು ಮಾಡ್ಕೊಂಡ. ಎಕ್ಸ್‌ರೇಗೆ ನಾನೇ ಕರ್ಕೊಂಡು ಹೋಗಿದ್ದೆ. ಮಗಳೂ ಜೊತೆಗಿದ್ಲು, ಈಗ ಸ್ಕೂಲಿಗೆ ಹೋಗ್ತಾಳೆ, ಅರಳು ಹುರಿದ ಹಾಗೆ ಮಾತು. ಉಸಿರು ಹಿಡ್ಕೊಳ್ಳಿ ಅಂದ್ರೆ ಅಣ್ಣ ಹಿಡಿಯಲ್ಲ. ಒಂದು ಸಲ ತೆಗೆದ್ರು, ಮಸುಕು. ಇನ್ನೊಂದು ಸಲ, ಅದೂ ಮಸುಕು. ಎಕ್ಸ್‌ರೇಯವನು ರೇಗಿದ. "ಒಂದು ಕ್ಷಣ ತಾನೇ ಅಣ್ಣ, ಹಿಡ್ಕೊಂಡ್ಬಿಡು" ಅಂದೆ ನಾನು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಕಿವಿಯಲ್ಲಿ ಹೇಳಿದ, "ಇವಳನ್ನ ನೋಡ್ಕೋ."

ಬಾಗಿಲು ಹಾಕ್ಕೊಳ್ತು. ಹೊರಗಿನ ಬೆಂಚಲ್ಲಿ ನಾನು, ಅವಳು.

"ಚಿಕ್ಕಪ್ಪ, ಒಂದು ಜೋಕು. ಆನೆ ಚಪ್ಪಲಿ ಅಂಗಡಿಗೆ ಹೋಯ್ತಂತೆ. ಒಂದು ಜೊತೆ ಸಾಕಾ ಅಂದ್ನಂತೆ ಅಂಗಡಿಯವನು. ಅದಕ್ಕೆ ಆನೆ, ಇವತ್ತಿಗೆ ಹಿಂದಿನ ಕಾ..."

ಒಳಗೆ "ಹಿಡ್ಕೊಳ್ಳಿ" ಅಂದಿದ್ದು ಬಾಗಿಲಾಚೆಗೂ ಕೇಳಿಸ್ತು.

ಅವಳ ಬಾಯಿ ತೆರೆದೇ ಇತ್ತು. ಎದೆ ಅಲ್ಲಾಡ್ತಿಲ್ಲ. ಕಣ್ಣು ನನ್ನ ಮೇಲೇ ಇದೆ, ರೆಪ್ಪೆ ಬಡೀತಿಲ್ಲ. ಒಳಗೆ ಮಿಷನ್ನು 'ಗುಂಯ್' ಅಂತು... 'ಕಟಕ್'...

"ಆಯ್ತು, ಉಸಿರು ಬಿಡಿ."

"...ಲಿಗೆ ಸಾಕು, ಮುಂದಿನ ಕಾಲಿಗೆ ನಾಳೆ ಬರ್ತೀನಿ ಅಂತಂತೆ! ಯಾಕೆ ಚಿಕ್ಕಪ್ಪ ಹಾಗೆ ನೋಡ್ತೀಯ? ನಗು ಬರ್ಲಿಲ್ವಾ?"

ನಕ್ಕೆ. ಏನು ಮಾಡ್ಲಿ, ಮಗು ಮುಂದೆ ನಕ್ಕೆ.

ನಾನು ನಿಮ್ಮ ಕಿವಿಗೆ ಹೂ ಇಡ್ತಿಲ್ಲ. ಎಕ್ಸ್‌ರೇ ಫಿಲ್ಮು ಮೂರೂ ಅಣ್ಣನ ಬೀರು ಮೇಲೇ ಇವೆ, ಬೇಕಾದ್ರೆ ಹೋಗಿ ನೋಡಿ. ಮೊದಲಿನ ಎರಡು ಮಸುಕಾಗಿವೆ. ಮೂರನೇದು ಸ್ಪಷ್ಟವಾಗಿ ಬಂದಿದೆ.