ಕೀಲಿ ಯಾರ ಕೈಲಿ

ಯೂಟಾದ ಮರುಭೂಮಿಯ ಅಂಚಿನಲ್ಲಿದ್ದ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಲೊರೇನ್ ಐಸಿನ ಚೀಲ ಹಿಡಿದು ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದೆ ಮೈಯೆಲ್ಲ ಕೆಂಪು ಧೂಳು ಮೆತ್ತಿಕೊಂಡ ಒಬ್ಬ ಅಪ್ಪ, ಹದಿನೇಳರ ಮಗಳು.

"ಕಾರಿನ ಕೀಲಿ ಕೊಡಪ್ಪಾ."

"ಆರ್ಚಸ್ ಪಾರ್ಕ್ ತನಕ ನಾನೇ ಓಡಿಸ್ತೀನಿ, ವಿಲ್ಲಾ."

"ಆರ್ಚಸ್ ತಿರುವು ಹಿಂದೇನೇ ಹೋಯ್ತು. ಅಷ್ಟು ದೊಡ್ಡ ಬೋರ್ಡು, ನಿನಗೆ ಕಾಣ್ಲೇ ಇಲ್ಲ."

"ಬಿಸಿಲು ಕಣ್ಣಿಗೆ ಹೊಡೀತಿತ್ತು."

"ಬಿಸಿಲು ಬೆನ್ನ ಹಿಂದಿತ್ತು! ನಿನ್ನೆ ಟೆಂಟಿನ ಗೂಟ ಬಿಟ್ಟು ಹೆಬ್ಬೆರಳಿಗೇ ಸುತ್ತಿಗೆ ಬಡ್ಕೊಂಡೆ. ಅದೂ ಬಿಸಿಲಾ?"

ಅಪ್ಪ ಪಟ್ಟಿ ಸುತ್ತಿದ ಬೆರಳನ್ನು ಜೇಬಿಗೆ ತುರುಕಿದ.

"ಹೊರಡೋ ಮುಂಚೆ ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆಯಲ್ಲ, ಏನಂದ್ರು? ನಿಜ ಹೇಳು."

"ಚಳಿಗಾಲದ ಹೊತ್ತಿಗೆ ಕಣ್ಣು ಪೂರ್ತಿ ಮಬ್ಬಾಗಬಹುದು ಅಂದ್ರು."

"ಅದಕ್ಕೇನಾ ಉಸಿರು ಬಿಡೋಕೂ ಬಿಡದೆ ಪಾರ್ಕಿಂದ ಪಾರ್ಕಿಗೆ ಓಡಿಸ್ತಿರೋದು?"

"ನಿನ್ನ ಜೊತೆ ಒಂದ್ಸಲ ಎಲ್ಲಾ ನೋಡ್ಬೇಕು ಅನ್ನಿಸ್ತು."

"ಅಯ್ಯೋ, ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ನಿನಗೆ? ಮೊನ್ನೆ ಕಣಿವೆ ಅಂಚಿಗೇ ಕಾರು ತಗೊಂಡು ಹೋದಾಗ ಇಬ್ಬರೂ ಸಾಯ್ತಿದ್ವಿ!"

ಅಪ್ಪ ಕೀಲಿಯನ್ನು ಅವಳ ಅಂಗೈಗೆ ಹಾಕಿದ. "ತಿರುವಲ್ಲಿ ನಿಧಾನ."

"ನಿನಗೆ ಕಾಣದೇ ಇರೋದನ್ನ ಕೇಳು, ಹೇಳ್ತೀನಿ. ನನ್ನ ಡ್ರೈವಿಂಗ್ ಬಗ್ಗೆ ಮಾತ್ರ ಬಾಯಿ ಮುಚ್ಕೊಂಡಿರು."

ಬೈಯುತ್ತಲೇ ಬಾಗಿಲು ದಾಟಿದ ಮಗಳು ಅಪ್ಪನ ತೋಳು ಹಿಡಿದೇ ನಡೆದದ್ದನ್ನು ಲೊರೇನ್ ಗಾಜಿನಾಚೆ ನೋಡಿದಳು.