ಮೂರು ಕಲ್ಲಿನ ದಾರಿ

ಬಾಗಿಲು ಮುಂದೆ ಮಾಡಿ ಬಂದು ಕೂತುಕೊಳ್ಳಿ. ಚಿಲಕ ಬೇಡ, ಸೆಕೆ ಇದೆ. ಸುಮ್ಮನೆ ಮುಂದೆ ಮಾಡಿ... ಹಾಂ, ಸಾಕು.

ಇದು ನಮ್ಮ ಚಿಕ್ಕಪ್ಪನ ಮಗ ಹಾಲೇಶನಿಗೆ ಆದದ್ದು. ಸಾಣಾಪುರ ದಾಟಿ ಸ್ವಲ್ಪ ಮುಂದೆ, ಗುಡ್ಡದ ಬುಡದಲ್ಲಿ ಅವನದು ಒಂದೇ ಕೋಣೆಯ ತಗಡಿನ ಮನೆ. ಅವನು, ಹೆಂಡತಿ ಹೇಮಾ, ಇಬ್ಬರೇ. ಬೆನ್ನಿಗೆ ಚೀಲ ಏರಿಸಿಕೊಂಡು ಗುಡ್ಡ ಹತ್ತಲಿಕ್ಕೆಂದೇ ಎಲ್ಲೆಲ್ಲಿಂದಲೋ ಮಂದಿ ಬರುತ್ತಾರಲ್ಲ, ಅವರಿಗೆ ದಾರಿ ತೋರಿಸುವುದು ಹಾಲೇಶನ ಕೆಲಸ.

ಈ ವರ್ಷ ಶಿವರಾತ್ರಿ ಮುಗಿದ ಅಮಾವಾಸ್ಯೆ. ಗಂಗಾವತಿಗೆ ಹೋದವನು ಕೊನೆಯ ಬಸ್ಸಿಗೆ ಬಂದು, ಕಾಲುವೆ ದಂಡೆ ಹಿಡಿದು ಮನೆಗೆ ನಡೆದಿದ್ದ. ಗದ್ದೆಯಲ್ಲಿ ಕಪ್ಪೆಗಳು ಒಂದೇ ಸಮನೆ ವಟಗುಟ್ಟುತ್ತಿದ್ದವು. ಆಲದ ಮರದ ಕೆಳಗೆ ಬಂದದ್ದೇ ತಡ, ಎಲ್ಲ ಒಮ್ಮೆಗೇ ಬಾಯಿ ಮುಚ್ಚಿದವು. ಆಗ ಗುಡ್ಡದ ಮೇಲಿಂದ ಕೇಳಿಸಿತು...

ಟಕ್... ಟಕ್... ಟಕ್.

ಕಲ್ಲಿನ ಮೇಲೆ ಕಲ್ಲು ಇಡುವ ಸದ್ದು. ಅದು ಇಂಥದ್ದೇ ಅಂತ ಹಾಲೇಶನಿಗೆ ಯಾರೂ ಹೇಳಬೇಕಿರಲಿಲ್ಲ. ಆ ಗುಡ್ಡದಲ್ಲಿ ಬರೀ ಗುಂಡುಕಲ್ಲುಗಳು, ದಾರಿ ಅನ್ನುವುದೇ ಕಾಣುವುದಿಲ್ಲ. ಅದಕ್ಕೆ ಅವನು ಇಪ್ಪತ್ತು ಹೆಜ್ಜೆಗೊಂದು ಕಡೆ ಮೂರು ಕಲ್ಲು ಪೇರಿಸಿ ಗುರುತು ಮಾಡಿದ್ದ. ದೊಡ್ಡದು, ಅದರ ಮೇಲೆ ನಡುವಿನದು, ಅದರ ಮೇಲೆ ಚಿಕ್ಕದು. ಹತ್ತು ವರ್ಷದಿಂದ ಅವನ ಕೈ ಮಾಡಿದ ಸದ್ದೇ ಅದು.

ಓಡುನಡಿಗೆಯಲ್ಲಿ ಮನೆಗೆ ಬಂದರೆ ಬಾಗಿಲಿಗೆ ಹೊರಗಿನಿಂದ ಬೀಗ. ಒಳಗೆ ದೀಪ ಇಲ್ಲ. ಪಕ್ಕದ ಮನೆಯ ಕಾಸೀಮಬೀ ಕಟ್ಟೆಯ ಮೇಲೆ ಕೂತಿದ್ದಳು. ದಿನಾ ಒಂಬತ್ತಕ್ಕೆ ಮಲಗುವ ಮುದುಕಿ.

"ಹೇಮಾ ಎಲ್ಲದಾಳ, ಖಾಲಾ?"

"ಸಂಜಿಮುಂದ ಗುಡ್ಡಕ್ಕ ಹೋದ್ಳಪಾ. ಕಲ್ಲು ಕೆಡವಿ ಬರ್ತೀನಿ ಅಂದ್ಳು." ಮುದುಕಿ ದನಿ ತಗ್ಗಿಸಿದಳು. "ಇನ್ನಾ ಬಂದಿಲ್ಲ."

ಯಾವ ಕಲ್ಲು ಅಂತ ಅವನಿಗೆ ಗೊತ್ತಿತ್ತು.

ನಮ್ಮ ಹಾಲೇಶನ ಬಾಯಿ ಭಾಳ ಧಾರಾಳ. ಬಸ್ಸಿನಲ್ಲಿ ಪಕ್ಕ ಕೂತವನಿಗೂ ಇಳಿಯುವಾಗ "ಮನಿಗಿ ಬರ್ರಿ, ಚಾ ಕುಡದು ಹೋಗೂರಂತ" ಅನ್ನುವವನು. ನಾವೆಲ್ಲ ಅನ್ನುತ್ತೇವೆ, ಅನ್ನಿ. ಯಾರು ಬರುತ್ತಾರೆ? ಸಂಕ್ರಾಂತಿಗೆ ಮೊದಲು ಗೋವಿಂದರಾಜ ಅಂತ ಒಬ್ಬ ಹುಡುಗ ಬಳ್ಳಾರಿಯಿಂದ ಒಂಟಿಯಾಗಿ ಬಂದಿದ್ದ. ಕೈಯಲ್ಲಿ ಕಬ್ಬಿಣದ ಮೊನೆಯ ಊರುಗೋಲು. ಸಂಜೆ ಹಾಲೇಶ ಹನ್ನೆರಡು ಜನರ ಒಂದು ತಂಡಕ್ಕೆ ಸೂರ್ಯ ಮುಳುಗುವುದನ್ನು ತೋರಿಸುತ್ತಿದ್ದ. ಆಗ ಈ ಹುಡುಗ ಬಂದು, "ಅಣ್ಣಾ, ಇಳಿಯೋ ದಾರಿ ಯಾವ ಕಡೆ?" ಅಂತ ಕೇಳಿದ. ಹಾಲೇಶ ಈ ಕಡೆ ತಿರುಗಲೂ ಇಲ್ಲ.

"ಮೂರು ಕಲ್ಲು ಪೇರಿಸಿದ್ದು ನೋಡ್ಕೊಂತ ಇಳೀರಿ. ಸೀದಾ ನಮ್ಮ ಮನಿ ಬಾಗಲಕ್ಕs ಬರ್ತೀರಿ. ಚಾ ಕುಡದು ಹೋಗ್ರಿ ಮತ್ತ."

ಅಷ್ಟೇ ಅವನು ಅಂದದ್ದು.

ಮೂರನೆಯ ದಿನ ಹುಡುಗನ ಹೆಣ ಗುಡ್ಡದ ಮೇಲಿನ ದೊಣೆಯಲ್ಲಿ ತೇಲಿತು. ದೊಣೆ ಅಂದರೆ ಬಂಡೆಗಳ ನಡುವೆ ಮಳೆನೀರು ನಿಂತ ಮಡು. ಬೇಸಿಗೆಗೂ ಬತ್ತುವುದಿಲ್ಲ, ಆಳ ಯಾರೂ ಕಂಡಿಲ್ಲ. ಕಾಲು ಜಾರಿ ಬಿದ್ದಿದ್ದಾನೆ ಅಂದರು. ಊರುಗೋಲು ಮಾತ್ರ ಸಿಗಲಿಲ್ಲ.

ಆ ರಾತ್ರಿ ಹೇಮಾ ಗಂಡನ ಕಿವಿಯಲ್ಲಿ ಹೇಳಿದಳು... ದೊಣೆಯ ದಾರಿಯಲ್ಲಿ ಕಲ್ಲು ಪೇರಿಸಿದವಳು ತಾನು ಅಂತ.

ನಮ್ಮ ಕಡೆ ಸ್ವಂತ ಮನೆ ಬೇಕು ಅನ್ನುವವರು ದೇವರ ಗುಡ್ಡದಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಹರಕೆ ಹೊರುತ್ತಾರಲ್ಲ. ಹೇಮಾಳಿಗೆ ಎರಡು ಕೋಣೆಯ ಮನೆ ಬೇಕಿತ್ತು. ದೇವರ ಗುಡ್ಡದಲ್ಲಿ ಇಟ್ಟರೆ ಮಂಗ ಬೀಳಿಸುತ್ತವೆ, ಮಂದಿ ಒದೆಯುತ್ತಾರೆ. ಅದಕ್ಕೇ ಯಾರೂ ಬಾರದ ದೊಣೆಯ ಬಂಡೆ ಆರಿಸಿಕೊಂಡು ಏಳು ಶನಿವಾರ ಏಳು ಕಡೆ ಪೇರಿಸಿದ್ದಳು. ಗಂಡ ಪೇರಿಸುವುದನ್ನು ನೋಡಿ ಕಲಿತ ಕೈ. ಮೂರು ಮೂರು ಕಲ್ಲು. ಏಳನೆಯದು ನೀರಿನ ಅಂಚಿಗೆ.

"ಕೆಡವಿ ಬರ್ತೀನ್ರಿ," ಅಂದಿದ್ದಳು.

"ಈಗ ಕೆಡವಿದ್ರ ಯಾಕ ಅಂತ ಕೇಳ್ತಾರ. ಸುಮ್ಮನ ಇರು," ಅಂದಿದ್ದ ಹಾಲೇಶ. ಆ ಬಂಡೆಯ ಕಡೆ ಅವನು ಕಾಲೂ ಇಡಲಿಲ್ಲ. ಕಲ್ಲು ಹಾಗೇ ಉಳಿದವು. ಹೇಮಾ ಮಾತ್ರ ಸರಿಯಾಗಿ ಉಣ್ಣಲಿಲ್ಲ, ನಿದ್ದೆ ಮಾಡಲಿಲ್ಲ. ಕೊನೆಗೆ ಅವನು ಊರಲ್ಲಿಲ್ಲದ ದಿನ ನೋಡಿ ಹೋಗಿದ್ದಾಳೆ.

ಹಾಲೇಶ ಬ್ಯಾಟರಿ ಹಿಡಿದು ಗುಡ್ಡ ಹತ್ತಿದ. ಕಣ್ಣು ಕಟ್ಟಿದರೂ ಹತ್ತುವ ಗುಡ್ಡ ಅದು. ಅವತ್ತು ಎರಡು ಕಡೆ ಎಡವಿದ. ಕರಡಿ ಇರುವ ಗುಡ್ಡ, ಆದರೆ ಅವನಿಗೆ ಆ ಹೊತ್ತು ಕರಡಿಯ ನೆನಪೂ ಬರಲಿಲ್ಲ.

ದೊಣೆಯ ಬಂಡೆ ಮುಟ್ಟಿದಾಗ ಬ್ಯಾಟರಿ ಕೆಂಪಗಾಗಿ ಆರಿತು. ಅಷ್ಟು ದೂರದಲ್ಲಿ ನೀರಿನ ಕಡೆ ಇನ್ನೊಂದು ಬೆಳಕು. ಹೇಮಾಳ ಮೊಬೈಲು. ಅವಳು ಇವನಿಗೆ ಬೆನ್ನು ಮಾಡಿ ನಿಂತಿದ್ದಳು. ಅಲುಗಾಡುತ್ತಿರಲಿಲ್ಲ.

ಕೂಗಬೇಕು ಅಂತ ಬಾಯಿ ತೆರೆದ. ದನಿ ಹೊರಡಲಿಲ್ಲ.

ಟಿಕ್...

ಬಂಡೆಗೆ ಕಬ್ಬಿಣ ತಾಗಿದ ಸದ್ದು. ಅವನಿಗೂ ಅವಳಿಗೂ ನಡುವೆ. ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ.

ಟಿಕ್...

ಹೇಮಾ ಒಂದು ಹೆಜ್ಜೆ ಮುಂದಿಟ್ಟಳು. ನೀರಿನ ಕಡೆಗೆ.

ಟಿಕ್... ಮತ್ತೊಂದು ಹೆಜ್ಜೆ.

ಓಡಿ ಹೋಗಿ ಹಿಡಿಯಬೇಕು ಅಂದರೆ ಕಾಲು ನೆಲ ಕಚ್ಚಿ ನಿಂತಿವೆ. ಹಾಲೇಶನಿಗೆ ಅಳು ಬಂತು. ನನ್ನ ಮುಂದೆ ಹೇಳುವಾಗಲೂ ಅತ್ತ, ಮೀಸೆ ಹೊತ್ತ ಗಂಡಸು. "ಅಕಿ ಹೋಗ್ತಾಳ, ನಾ ನೋಡ್ಕೊಂತ ನಿಂದರ್ತೀನಿ, ಅಷ್ಟs ನನ್ನ ಕೈಲಿ ಆಗೂದು ಅನಿಸ್ತಣ್ಣಾ," ಅಂದ.

ಆಗ ನಡುವಿನ ಕತ್ತಲು ಮಾತಾಡಿತು. ಮೆಲ್ಲಗೆ. ಮರ್ಯಾದೆಯಿಂದ.

"ಅಣ್ಣಾ... ಮೂರು ಕಲ್ಲು ನೋಡ್ಕೊಂಡೇ ಬಂದೆ. ಮನೆ ಎಲ್ಲಿ?"

ಟಿಕ್ ಅಂತ ಇನ್ನೊಂದು ಸದ್ದು. ಹೇಮಾಳ ಮೊಬೈಲಿನ ಬೆಳಕು ನೀರಿನ ಮೇಲೆ ಬಿತ್ತು. ಏಳನೆಯ ಗುರುತಿನ ಹತ್ತಿರ ನಿಂತಿದ್ದಾಳೆ. ಇನ್ನು ಅವಳಿಗೆ ಹೆಜ್ಜೆ ಇಡಲು ಬಂಡೆ ಇಲ್ಲ.

"ಅಣ್ಣಾ, ಮನೆ ಎಲ್ಲಿ?"

ಎಲ್ಲಿತ್ತೋ ದನಿ, ಬಂತು.

"ಆ ಕಡೆ ಅಲ್ಲ... ಈ ಕಡೆ ಬರ್ರಿ. ನನ್ನ ಹಿಂದ ಒಂದು ಗುಂಡು ಐತಿ, ಅದರ ಎಡಕ್ಕ ಇಳೀರಿ. ಅಲ್ಲಿಂದ ನಾ ಪೇರಿಸಿದ ಕಲ್ಲು ಅದಾವ. ಕಾಲುವಿ ದಂಡಿಗೆ ಬೇವಿನ ಗಿಡ. ಗಿಡದ ಮುಂದ... ನಮ್ಮ ಮನಿ."

ಆಮೇಲೆ ಟಿಕ್... ಟಿಕ್... ಸದ್ದು ತಿರುಗಿತು. ಹತ್ತಿರ ಬಂತು. ಅವನ ಮೊಣಕೈ ಸವರಿಕೊಂಡು ಹೋಯಿತು. ಪಾಚಿಯ ವಾಸನೆ ಬಂತಂತೆ, ಮತ್ತೆ ತಣ್ಣಗಿನ ಗಾಳಿ. ಗುಂಡಿನ ಎಡಕ್ಕೆ ಇಳಿದು, ದೂರವಾಗಿ, ಕೆಳಗೆ ಹೋಯಿತು.

ಕಾಲು ಸಡಿಲವಾದದ್ದೇ ಹಾಲೇಶ ಓಡಿ ಹೇಮಾಳ ರಟ್ಟೆ ಹಿಡಿದು ಎಳೆದ. ಅವಳು ಈಗ ಎದ್ದವಳ ಹಾಗೆ ನೋಡಿದಳು.

"ಯಾವಾಗ ಬಂದ್ರಿ?" ಅಂದಳು. ಆಮೇಲೆ ಪಿಸುಗುಟ್ಟಿದಳು. "ಕೆಡವಿದೆ ರೀ. ಎಲ್ಲಾ ಕೆಡವಿದೆ. ನಾ ಒಂದು ಕೆಡವೂದಕ್ಕ ಹಿಂದ ಒಂದು ಏಳತಿತ್ತು."

ಮೊಬೈಲಿನ ಬೆಳಕಲ್ಲಿ ನೋಡಿದರೆ ಏಳಕ್ಕೆ ಏಳೂ ನಿಂತಿದ್ದವು.

ಮನೆಗೆ ಹೋಗುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಬಂಡೆಯ ಮೇಲೆ ಒಬ್ಬರನ್ನೊಬ್ಬರು ಹಿಡಿದು ಕೂತರು. ಅಲ್ಲಿಂದ ಕೆಳಗೆ ಅವರ ತಗಡಿನ ಮನೆ ಕಾಣುತ್ತದೆ. ಎಷ್ಟು ಹೊತ್ತಾಗಿತ್ತೋ... ಮನೆಯಲ್ಲಿ ದೀಪ ಹತ್ತಿತು. ಕೀಲಿಕೈ ಹೇಮಾಳ ಸೊಂಟದಲ್ಲೇ ಇತ್ತು. ಅವಳು ಅದನ್ನು ಮುಟ್ಟಿ ನೋಡಿಕೊಂಡಳು.

ಬೆಳಕು ಹರಿದ ಮೇಲೆ ಇಳಿದರು. ಬೀಗ ಹಾಕಿದ ಹಾಗೇ ಇತ್ತು. ಹೇಮಾ ಸಗಣಿಯಿಂದ ಸಾರಿಸಿದ ಅಂಗಳದಲ್ಲಿ ಮಾತ್ರ ಹೆಬ್ಬೆರಳ ಗಾತ್ರದ ತೂತುಗಳು, ಗುಡ್ಡದ ಕಡೆಯಿಂದ ಹೊಸ್ತಿಲ ತನಕ ಒಂದೇ ಸಾಲು. ಬಂದ ಗುರುತು ಅಷ್ಟೇ. ತಿರುಗಿ ಹೋದದ್ದು ಇಲ್ಲ.

ಹೋದ ವಾರ ನಾನೇ ಅವರ ಮನೆಗೆ ಹೋಗಿದ್ದೆ. ಹೇಮಾ ಚಹಾ ಮಾಡಿದಳು. ನಾವು ಮೂವರು, ತಂದದ್ದು ನಾಲ್ಕು ಲೋಟ. ನಾಲ್ಕನೆಯದನ್ನು ಗೋಡೆಯ ಹತ್ತಿರ ಇಟ್ಟಳು.

"ಆರಿಹೋಗ್ತೈತಲ್ಲವ್ವಾ," ಅಂದೆ.

"ಅವ್ರು ಆರಿಸ್ಕೊಂಡs ಕುಡೀತಾರ್ರಿ, ಭಾವಾ," ಅಂದಳು. ಮೋರೆಯಲ್ಲಿ ಹೆದರಿಕೆ ಇರಲಿಲ್ಲ, ದಣಿವಿತ್ತು.

ನಾನು ಹಾಲೇಶನ ಕಡೆ ನೋಡಿದೆ. ಮನೆ ಬಿಡಬಾರದೇನೋ, ಮಂತ್ರ ಹಾಕುವವರನ್ನು ಕರೆಸಬಾರದೇನೋ ಅಂದೆ. ಅವನು ತಲೆ ಎತ್ತಲಿಲ್ಲ.

"ಚಾ ಕುಡದು ಹೋಗ್ರಿ ಅಂತ ಕರದಾವ ನಾನs ಅಲ್ಲಣ್ಣಾ. ಮನಿ ತೋರಿಸಿದಾವನೂ ನಾನs. ಈಗ ಹೊರಗ ಹೋಗು ಅಂತ ಯಾವ ಬಾಯಿಲೆ ಅನ್ನಲಿ?"

ಎದ್ದು ಹೊರಗೆ ಬಂದೆ. ಅಂಗಳದ ತೂತುಗಳನ್ನು ಹೇಮಾ ದಿನಾ ಸಾರಿಸಿ ಮುಚ್ಚುತ್ತಾಳಂತೆ. ಹೊಸ್ತಿಲ ಹತ್ತಿರದ್ದು ಒಂದು ಮತ್ತೆ ತೆರೆದುಕೊಂಡಿತ್ತು. ಈ ಬಿಸಿಲಿಗೆ ಸುತ್ತಲಿನ ನೆಲವೆಲ್ಲ ಬಿರುಕು ಬಿಟ್ಟಿದೆ. ಚಪ್ಪಲಿ ಮೆಟ್ಟಲು ಬಗ್ಗಿದವನು ಅದರೊಳಗೆ ಬೆರಳಿಟ್ಟು ನೋಡಿದೆ.

ಈ ಬೆರಳು... ಸುಳ್ಳು ಯಾಕೆ ಹೇಳಲಿ, ಪಾಚಿಯ ವಾಸನೆ ಹೊಡೆಯಿತು. ಒಳಗೆ ನೀರಿತ್ತು.